ಖಟ್ಲೆಯ ಕಟ್ಟಿನಿಂದ ಕಾದಂಬರಿಗೆ

(ತರುಣ ಲೇಖಕರ ಕೂಟವೊಂದರಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಒಂದು ಕಾದಂಬರಿಯನ್ನೂ ಬರೆಯದ ನಾನು, ಕಾದಂಬರಿಕಾರನಿಗೆ ಕಥೆಯು ಎಲ್ಲಿಂದ ದೊರೆಯುವದು, ಪಾತ್ರಗಳು ಹೇಗೆ ಬೆಳೆಯುವವು ಎಂಬ ವಿಷಯವಾಗಿ ಮಾತನಾಡಲು ನಿಂತಿರುವದು ತಮಗೆ ವಿಚಿತ್ರವಾಗಿ ತೋರಬಹುದು. ನನ್ನ ಕಸುಬು ವಕೀಲಿ. ಆದರೆ ಈ ವಿಷಯವನ್ನು ನನ್ನ ತಲೆಗೆ ಹಚ್ಚಿದವರು ತಮ್ಮ ಪೈಕಿಯವರೇ ಆದ ಒಬ್ಬ ತರುಣರು. ಒಂದು ಸಂಜೆ ಅವರು ನನ್ನ ಮನೆಗೆ ಬಂದು, "ವಕೀಲ ಸಾಹೇಬರೇ, ತಮ್ಮ ಕಪಾಟಿನಲ್ಲಿರುವ ಖಟ್ಲೆಯ ಕಟ್ಟುಗಳಲ್ಲಿ ನೂರು ಕಾದಂಬರಿಗಳಿಗೆ ಸಾಲುವಷ್ಟು ಕಥೆಗಳಿರಬೇಕು, ನನಗೊಂದನ್ನು ಕೊಡಿರಿ" ಎಂದರು. ಕಥೆಗಳೇನೋ ಇವೆ, ಅವು ನನ್ನವಲ್ಲ, ಪಕ್ಷಕಾರರವು ಎಂದು ಹೇಳಿ ಕಳಿಸಿದೆನು. ಅವರು ಹೋದ ಮೇಲೆ, ನಾನು ಕೊಟ್ಟ ಉತ್ತರವು ಅರ್ಧ ಉತ್ತರವೆಂದು ನನಗೇ ಅನಿಸಿತು. ಏಕೆಂದರೆ ನ್ಯಾಯಾಲಯದವನೊಬ್ಬನು ಹೇಳಿದ ಖಟ್ಲೆಯಿಂದಲೇ ಟಾಲ್‌ಸ್ಟಾಯ್ ಅವರ 'ಪುನರುತ್ಥಾನ'ವು ಹುಟ್ಟಿತೆಂಬದನ್ನು ನಾನು ಬಲ್ಲೆನು.

ಆ ಸಂಗತಿ ಹೀಗಿದೆ. 1887ರಲ್ಲಿ ಅನಾತೊಲಿ ಕೋನಿ ಎಂಬ ರಷ್ಯದ ನ್ಯಾಯಪಂಡಿತರು ಯಾಸ್ನಾಯಾ ಪೊಲ್ಯಾನಾಕ್ಕೆ ಟಾಲ್‌ಸ್ಟಾಯ್ ಅವರ ಅತಿಥಿಗಳಾಗಿ ಹೋಗಿದ್ದರು. ಹಿಂದೆ ತಾವು ಪೀಟರ್ಸ್‌ಬರ್ಗಿನಲ್ಲಿ ಸರಕಾರಿ ವಕೀಲರಾಗಿದ್ದಾಗ ನಡೆದುದನ್ನು ಅವರು ಅಲ್ಲಿ ಹೇಳಿದರು. ರೊಝಾಲಿಯಾ ಓನಿ ಎಂಬ ಫಿನ್ಲೆಂಡಿನ ತಬ್ಬಲಿ ಹುಡುಗಿಯನ್ನು ಒಬ್ಬ ಸಿರಿವಂತ ಹೆಂಗಸು ಸಾಕಿಕೊಂಡಿದ್ದಳು. ಆಕೆಯ ನಂಟನಾದ ತರುಣನೊಬ್ಬನು ಹುಡುಗಿಯನ್ನು ಕೆಡಿಸಿದನು. ಬಸುರಾದವಳನ್ನು ಮನೆಯಿಂದ ಹೊರಗೆ ಹಾಕಿದರು; ಅವಳು ಸೂಳೆಗೇರಿಯನ್ನು ಸೇರಿದಳು; ಕುಡಿದು ಬಂದವನೊಬ್ಬನ ನೂರು ರೂಬಲ್ಲುಗಳನ್ನು ಕದ್ದಳೆಂದು ನ್ಯಾಯಾಲಯಕ್ಕೆ ಬಂದಳು. ಆಗ ಜೂರಿಯಲ್ಲಿ ಕುಳಿತವರಲ್ಲಿ ಅವಳನ್ನು ಕೆಡಿಸಿದವನೂ ಒಬ್ಬನು! ಅವನು ಗುರುತು ಹಿಡಿದು, ಕೋನಿಯವರ ಬಳಿಗೆ ಬಂದು, ಅವಳನ್ನು ಲಗ್ನವಾಗುವೆನೆಂದು ಹಟ ಹಿಡಿದನು. ಆದರೆ ಲಗ್ನಕ್ಕೆ ಮೊದಲೇ ಅವಳು ಸೆರೆಮನೆಯಲ್ಲಿ ವಿಷಮಜ್ವರದಿಂದ ತೀರಿಹೋದಳು.

ಇಂಥ ಕಥೆಯು ಕೈಗೆ ಬಂದರೆ ನಮ್ಮಲ್ಲಿ ಯಾರಾದರೂ ಆ ರಾತ್ರಿಯೇ ಬರೆಯಲು ಕೂಡುತ್ತಿದ್ದೆವು. ಟಾಲ್‌ಸ್ಟಾಯ್ ಅವರು ಹಾಗೆ ಮಾಡಲಿಲ್ಲ. ಇದನ್ನು ನೀವೇ ಬರೆಯಿರೆಂದು ಕೋನಿಯವರಿಗೇ ಹೇಳಿದರು. ಕೋನಿಯವರು ಬರೆಯದಿದ್ದಾಗ ಅವರ ಅನುಮತಿಯನ್ನು ಪಡೆದು, 1889ರ ಕೊನೆಗೆ ಕೈ ಹಚ್ಚಿದರು. ಗ್ರಂಥವು ಮುಗಿದುದು 1899ರಲ್ಲಿ. ಸಿದ್ಧವಾದ ಕಥೆಗೆ ಹತ್ತು ವರ್ಷಗಳು ಏಕೆ ಬೇಕಾದವು? ನಾನು ಹೇಳಬೇಕೆಂದಿರುವದೆಲ್ಲ ಈ ಪ್ರಶ್ನೆಯಲ್ಲಿಯೇ ಇದೆ.

ಮೊದಲನೆಯದಾಗಿ, ಆ ಕಥೆಯು ಅವರಿಗೆ ಹೊರಗಿನದಾಗಿರಲಿಲ್ಲ. ತಮ್ಮ ಚರಿತ್ರಕಾರರಾದ ಬಿರ್ಯುಕೋವ್ ಅವರಿಗೆ ಟಾಲ್‌ಸ್ಟಾಯ್ ಅವರು ಮುಪ್ಪಿನಲ್ಲಿ ಒಂದು ಪಾಪವನ್ನು ಒಪ್ಪಿಕೊಂಡಿದ್ದರು: ಅತ್ತೆಯ ಮನೆಯಲ್ಲಿದ್ದ ಗಾಶಾ ಎಂಬ ದಾಸಿಯನ್ನು ತಾರುಣ್ಯದಲ್ಲಿ ತಾವು ಕೆಡಿಸಿದುದು, ಅವಳನ್ನು ಮನೆಯಿಂದ ಹೊರದೂಡಿದುದು, ಅವಳು ಹಾಳಾಗಿಹೋದುದು. ಇತ್ತ ಅವರ ಪತ್ನಿ ಸೋಫಿಯಾ ಅವರು 1898ರ ದಿನಚರಿಯಲ್ಲಿ, ಆ ಗಾಶಾ ಮುದುಕಿಯಾಗಿ ಬದುಕಿರುವದನ್ನು ತಾವು ಕಂಡುದಾಗಿಯೂ, ಎಪ್ಪತ್ತರ ವಯಸ್ಸಿನಲ್ಲಿ ಗಂಡನು ಆ ಪ್ರಸಂಗವನ್ನು ರುಚಿಗೊಂಡು ಬರೆಯುವದು ತಮಗೆ ಅಸಹ್ಯವೆಂದೂ ಬರೆದಿಟ್ಟಿದ್ದಾರೆ. ಎರಡು ಸಾಕ್ಷಿಗಳು ಒಂದಕ್ಕೊಂದು ಕೂಡುವದಿಲ್ಲ. ವಕೀಲನಾಗಿ ನಾನು ಹೆಂಡತಿಯ ಸಾಕ್ಷ್ಯವನ್ನೇ ನಂಬುವೆನು. ಅವಳು ಕಣ್ಣಾರೆ ಕಂಡವಳು. ಆದರೆ ಗಂಡನ ಮನಸ್ಸಿನಲ್ಲಿ ಗಾಶಾ ಹಾಳಾಗಿಯೇ ಹೋಗಿದ್ದಳು. ಅದನ್ನು ಯಾವ ಉಲಟು ಪ್ರಶ್ನೆಯೂ ಅಳಿಸಲಾರದು. ಕೋನಿಯವರು ಹೇಳಿದ ಖಟ್ಲೆಯು ಬೀಜವಾಗಿ ಬಿದ್ದುದು ಈ ನೆಲದಲ್ಲಿ. ಪತ್ರಿಕೆಗಳಲ್ಲಿ ದಿನಾಲು ಇಂಥ ಸುದ್ದಿಗಳು ನೂರು ಬರುವವು. ತೀರದ ಸಾಲವೊಂದನ್ನು ನೆನಪಿಸುವ ಸುದ್ದಿ ಯಾವದೋ ಅದೇ ಲೇಖಕನ ಕಥಾವಸ್ತು.

ಎರಡನೆಯದು ಇನ್ನೂ ಕಠಿಣವಾದುದು. ಸಾಲಗಾರನು ಬರೆಯಲು ಕುಳಿತರೆ ತನ್ನ ಕಥೆಯನ್ನೇ ಹೇಳಿಕೊಳ್ಳುವನು. ನೆಖ್ಲುದೋವ್ ಎಂಬ ನಾಯಕನ ಹೆಸರನ್ನು ಟಾಲ್‌ಸ್ಟಾಯ್ ಅವರು ತಮ್ಮ ತಾರುಣ್ಯದ ಕಥೆಗಳಲ್ಲಿಯೂ ಬಳಸಿದ್ದುಂಟು. ಬಹುಮಟ್ಟಿಗೆ ಅವನು ಅವರೇ. ಮೊದಲ ಕರಡು ಅವನಿಂದಲೇ ಆರಂಭವಾಯಿತು. ಅವನ ಪಶ್ಚಾತ್ತಾಪವು ಲಗ್ನದಲ್ಲಿ ಸುಖವಾಗಿ ಮುಗಿಯಿತು. ಅದು ಅವರಿಗೆ ಸುಳ್ಳೆನಿಸಿತು. 1895ರ ನವೆಂಬರದಲ್ಲಿ, ತಾವು ಆರಂಭವನ್ನೇ ತಪ್ಪಿದ್ದೇವೆ, ಅವಳಿಂದ ಆರಂಭಿಸಬೇಕು ಎಂದು ದಿನಚರಿಯಲ್ಲಿ ಬರೆದುಕೊಂಡರು. ಆ ಮೇಲೆ ಕಾದಂಬರಿಯು ತೆರೆಯುವದು ಸೆರೆಮನೆಯಲ್ಲಿ; ಕಾವಲುಗಾರರ ನಡುವೆ ಕಾಟ್ಯೂಷಾ ಮಾಸ್ಲೋವಾ ಬೀದಿಗಿಳಿದು ನ್ಯಾಯಾಲಯಕ್ಕೆ ಹೊರಡುವಳು.

ಅವಳಿಂದ ಆರಂಭಿಸಿದೊಡನೆ ಏನೇನು ಬದಲಾಯಿತೆಂಬದನ್ನು ನೋಡಿರಿ. ಖಟ್ಲೆಯಲ್ಲಿ ನೂರು ರೂಬಲ್ಲು ಅವಳು ಕದ್ದ ಹಣ. ಕಾದಂಬರಿಯಲ್ಲಿ ನೂರು ರೂಬಲ್ಲು, ಅವಳನ್ನು ಕೆಡಿಸಿದ ಮರುದಿನ ಅವನು ಅವಳಿಗೆ ತುರುಕಿದ ನೋಟು. ಖಟ್ಲೆಯಲ್ಲಿ ಅವಳ ಅಪರಾಧವು ನಿಜ. ಕಾದಂಬರಿಯಲ್ಲಿ, ಕೊಲ್ಲುವ ಉದ್ದೇಶವಿರಲಿಲ್ಲವೆಂಬ ಮಾತನ್ನು ತೀರ್ಪಿನಲ್ಲಿ ಸೇರಿಸಲು ಜೂರಿಯವರು ಮರೆತುಬಿಡುವದರಿಂದ ಅವಳಿಗೆ ನಾಲ್ಕು ವರ್ಷದ ಕಠಿಣ ಶಿಕ್ಷೆ. (ಇದನ್ನೋದಿದ ದಿನ ನನಗೆ ನಿದ್ರೆ ಬರಲಿಲ್ಲ, ನಮ್ಮ ಕಸುಬಿನಲ್ಲಿ ಒಂದು ಮಾತಿನ ಬೆಲೆಯನ್ನು ಅರಿಯದವರಾರು?) ಪಶ್ಚಾತ್ತಾಪಪಟ್ಟು ಬಂದ ನೆಖ್ಲುದೋವನ ಕಾಲಿಗೆ ಅವಳು ಬೀಳುವದಿಲ್ಲ, ಮೊದಲು ಹತ್ತು ರೂಬಲ್ಲು ಬೇಡುವಳು. ಇನ್ನೊಂದು ದಿನ, ತನ್ನನ್ನು ಭೋಗಿಸಿದವನು ತನ್ನಿಂದಲೇ ಪುಣ್ಯವನ್ನೂ ಗಳಿಸಹೊರಟಿರುವನೆಂದು ಸಿಡಿದೇಳುವಳು. ಕೊನೆಗೆ ಲಗ್ನವನ್ನು ಒಲ್ಲೆನೆಂದು ಸೈಬೀರಿಯದಲ್ಲಿ ಬೇರೊಬ್ಬ ರಾಜಕೀಯ ಕೈದಿಯೊಡನೆ ನಡೆದುಬಿಡುವಳು. ಮೊದಲ ಕರಡಿನ ಸುಖಾಂತವನ್ನು ಮುರಿದವಳು ಅವಳೇ.

ಅದಕ್ಕಾಗಿ ಅವರು ಪಟ್ಟ ಶ್ರಮವೂ ಅಲ್ಪವಲ್ಲ. ಅವಳ ಮೊದಲ ದರ್ಶನದ ವರ್ಣನೆಯನ್ನು ಮತ್ತೆ ಮತ್ತೆ ತಿದ್ದಿದರು. ಆ ತುಸು ವಾರೆಗಣ್ಣು ಓದಿದವರ ಮನಸ್ಸಿನಿಂದ ಅಳಿಯುವದಿಲ್ಲ. ನ್ಯಾಯಾಲಯದ ಭಾಷೆಗಾಗಿ ದವೀದೋವ್ ಎಂಬ ನ್ಯಾಯಾಧಿಕಾರಿಗಳ ನೆರವು ಪಡೆದರು. ಮಾಸ್ಕೋದ ಬುತೀರ್ಕಾ ಸೆರೆಮನೆಯ ಕಾವಲಿನವನನ್ನು ಕೂಡಿಸಿಕೊಂಡು ಪ್ರಶ್ನೆ ಕೇಳಿದರು. 1899ರಲ್ಲಿ ಕೈದಿಗಳ ಸಾಲಿನ ಜೊತೆಗೆ ರೈಲು ನಿಲ್ದಾಣದವರೆಗೆ ಕಾಲ್ನಡಿಗೆಯಿಂದ ಹೋದರು.

ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಕೊನೆಯಲ್ಲಿ ಎಲ್ಲ ಭಾರವನ್ನೂ ಬೈಬಲ್ಲಿನ ವಾಕ್ಯದ ಮೇಲೆ ಹೊರಿಸಿದುದಕ್ಕೆ ಚೆಕೋವ್ ಅವರು 1900ರಲ್ಲಿಯೇ ಆಕ್ಷೇಪಿಸಿದ್ದರು. ಅದು ಸರಿಯಾದ ಆಕ್ಷೇಪ. ನೆಖ್ಲುದೋವ್-ಕಾಟ್ಯೂಷಾ ಇವರ ಸಂಬಂಧದ ಭಾಗವೇ ಎಲ್ಲಕ್ಕಿಂತ ನೀರಸವೆಂದೂ ಅವರು ಹೇಳಿದ್ದರು. ಇದಕ್ಕೆ ಮಾತ್ರ ನನ್ನ ತಕರಾರು ಇದೆ. ನೆಖ್ಲುದೋವನು ಉಪದೇಶಕ್ಕೆ ತೊಡಗಿದಾಗ ಬೇಸರವಾಗುವದು ನಿಜ. ಆದರೆ ಅವಳು ಬಾಯಿ ತೆರೆದಲ್ಲೆಲ್ಲ ಪುಟವು ಉರಿಯುತ್ತದೆ.

ಆ ತರುಣರು ಮೊನ್ನೆ ಮತ್ತೆ ಬಂದಿದ್ದರು. ಈ ಸಲವೂ ನಾನು ಖಟ್ಲೆಯ ಕಟ್ಟನ್ನು ಬಿಚ್ಚಲಿಲ್ಲ. ನಮ್ಮ ಕೋರ್ಟಿನ ಅಂಗಳದಲ್ಲಿ ಒಂದು ಬೇವಿನ ಕಟ್ಟೆಯಿದೆ. ಹಳ್ಳಿಯಿಂದ ಬಂದವರು ಅಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತ, ಪಟ್ಟೇವಾಲನು ಹೆಸರು ಕೂಗುವನೋ ಎಂದು ಕಿವಿಗೊಟ್ಟು ಕುಳಿತಿರುವರು. "ಅಲ್ಲಿ ಎಂಟು ದಿನ ಕುಳಿತುಕೊಳ್ಳಿರಿ. ಯಾರ ಖಟ್ಲೆಯನ್ನೂ ಕೇಳಬೇಡಿರಿ. ಯಾರನ್ನು ಕಂಡರೆ ನಿಮಗೆ ಮೋರೆ ತಿರುಗಿಸಬೇಕೆನಿಸುವದೋ ಅವರನ್ನೇ ನೋಡಿರಿ" ಎಂದೆನು. ಮೂರು ದಿನ ಅವರು ಬಂದು ಕುಳಿತರು. ನಾಲ್ಕನೆಯ ದಿನ ಕಟ್ಟೆಯ ಮೇಲೆ ಕಾಣಲಿಲ್ಲ; ವಿಚಾರಿಸಲಾಗಿ, ತಮ್ಮ ಊರಿಗೆ ಹೋದರೆಂದು ತಿಳಿಯಿತು. ಅಲ್ಲಿ ಯಾರನ್ನು ಕಾಣಲು ಹೋದರೆಂಬದನ್ನು ನಾನು ಕೇಳಲಿಲ್ಲ.