ತಿದ್ದಿದ ಭತ್ತ ಮತ್ತು ಬೀಜದ ಹಕ್ಕು



ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೇಯುವ ಸಣ್ಣಕ್ಕಿ ಸಾಂಬಾ ಮಸೂರಿ, ಅಂದರೆ ಬಿಪಿಟಿ 5204. ಆಂಧ್ರದ ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದ ತಳಿ. ಗಂಗಾವತಿ, ಸಿಂಧನೂರಿನ ರೈತರಿಗೆ ಇದರ ಗುಣವೂ ಗೊತ್ತು, ದೋಷವೂ ಗೊತ್ತು. ಅನ್ನ ರುಚಿ; ಆದರೆ ಕೊಯ್ಲಿಗೆ ಹೆಚ್ಚುಕಡಿಮೆ ಐದು ತಿಂಗಳು ಕಾಯಬೇಕು. ಅಷ್ಟರೊಳಗೆ ಕಾಲುವೆಯ ನೀರು ನಿಂತರೆ ಗತಿ ಏನು?

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಎರಡು ಹೊಸ ಭತ್ತದ ತಳಿಗಳನ್ನು ಘೋಷಿಸಿದರು. ಅವುಗಳಲ್ಲಿ ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’ ಇದೇ ಸಾಂಬಾ ಮಸೂರಿಯ ತಿದ್ದಿದ ರೂಪ. ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ, ಇಳುವರಿ ಶೇ. 19 ಹೆಚ್ಚು ಎಂದು ಸಂಸ್ಥೆ ಹೇಳುತ್ತದೆ.

ತಿದ್ದುವುದು ಹೇಗೆ? ಭತ್ತದ ತೆನೆಯಲ್ಲಿ ಸೈಟೊಕೈನಿನ್ ಎಂಬ ಹಾರ್ಮೋನು ಹೆಚ್ಚಿದಷ್ಟೂ ಕಾಳು ಹೆಚ್ಚು. ಅದನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುವುದು ಒಂದು ವಂಶವಾಹಿ. ‘ಕ್ರಿಸ್ಪರ್’ ಎಂಬ ಸೂಕ್ಷ್ಮ ಕತ್ತರಿಯಿಂದ ಅದೊಂದನ್ನೇ ಕತ್ತರಿಸಿದರೆ, ಗಿಡ ಗಾಯವನ್ನು ಹೊಲಿದುಕೊಳ್ಳುವಾಗ ಸಣ್ಣ ತಪ್ಪು ಉಳಿದು ಆ ವಂಶವಾಹಿ ಕೆಡುತ್ತದೆ. ಕಾಳು ಹೆಚ್ಚುತ್ತದೆ. ಬಿಟಿ ಹತ್ತಿಯಲ್ಲಿ ಬ್ಯಾಕ್ಟೀರಿಯಾದ ವಂಶವಾಹಿ ಉಳಿದಿದೆ. ಇಲ್ಲಿ ಹೊರಗಿನದೇನೂ ಕೊನೆಗೆ ಉಳಿಯುವುದಿಲ್ಲ. ಆದ್ದರಿಂದಲೇ 2022ರ ಮಾರ್ಚ್‌ನಲ್ಲಿ ಸರ್ಕಾರ ಇಂಥ ಬೆಳೆಗಳನ್ನು ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ ಹೊರಗಿಟ್ಟಿತು.

ಇದನ್ನು ವಿಷವೆಂದು ಕೂಗುವವರ ಜೊತೆ ನಾನಿಲ್ಲ. ಆದರೆ ಕ್ಷೇತ್ರ ಪ್ರಯೋಗದ ಅಂಕಿ-ಅಂಶಗಳನ್ನೆಲ್ಲ ಬಹಿರಂಗಪಡಿಸಿ ಎಂದು ಕೇಳುವವರನ್ನು ದೇಶದ್ರೋಹಿಗಳಂತೆ ಕಾಣುವುದೂ ವಿಜ್ಞಾನವಲ್ಲ. (ಅಂದ ಹಾಗೆ, ಪಿಯುಸಿ ಮುಗಿಸಿದ ನಮ್ಮ ಮಕ್ಕಳು ಡಾಕ್ಟರ್, ಇಂಜಿನಿಯರ್ ಬಿಟ್ಟರೆ ಬೇರೆ ಬಾಗಿಲು ತಟ್ಟುವುದೇ ಅಪರೂಪ. ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳ ಬಾಗಿಲು ನಿಮಗೂ ತೆರೆದಿದೆ. ಆ ಅಂಕಿ-ಅಂಶಗಳನ್ನು ಓದಬಲ್ಲವರು ನಮ್ಮಲ್ಲೂ ಬೇಕು.)

ನನ್ನ ಚಿಂತೆ ಬೇರೆ. ಭತ್ತ ನಮ್ಮದು, ಸಂಶೋಧನೆ ಸರ್ಕಾರದ್ದು. ಕತ್ತರಿಯ ಮುಖ್ಯ ಪೇಟೆಂಟುಗಳು ಮಾತ್ರ ವಿದೇಶಿ ಸಂಸ್ಥೆಗಳ, ಕಂಪನಿಗಳ ಕೈಯಲ್ಲಿವೆ. ನಮ್ಮ 2001ರ ಕಾಯಿದೆ ರೈತನಿಗೆ ಬೀಜ ಉಳಿಸಿಕೊಳ್ಳುವ, ಮರುಬಿತ್ತುವ, ಹಂಚಿಕೊಳ್ಳುವ ಹಕ್ಕು ಕೊಟ್ಟಿದೆ. ತಿದ್ದಿದ ಭತ್ತಕ್ಕೂ ಆ ಹಕ್ಕು ಪೂರ್ತಿ ಅನ್ವಯಿಸುತ್ತದೆಯೇ? ಪರವಾನಗಿಯ ಷರತ್ತುಗಳೇನು? ಬೀಜದ ಚೀಲ ಅಂಗಡಿಗೆ ಬರುವ ಮೊದಲೇ ಸಿಂಧನೂರಿನ ರೈತ ಇದನ್ನು ಕನ್ನಡದಲ್ಲಿ ಓದುವಂತಾಗಬೇಕು.