ಮೈಬಣ್ಣಕ್ಕೆ ಯಾವ ಬಾಟಲಿ?

ಇವತ್ತು ನಾನು ಮಾತಾಡಬೇಕೆಂದಿರುವುದು ನಿಮ್ಮ ಮೇಜಿನ ಮೇಲೆ ಬೂದು ಪ್ಲಾಸ್ಟಿಕ್ಕಿನಲ್ಲೇ ನಿಂತಿರುವ ಆ ಪುಟ್ಟ ಯೋಧರ ಬಗ್ಗೆ. 28 ಮಿಲಿಮೀಟರ್ ಅಳತೆಯ ಗೊಂಬೆಗಳು. ಆಟಕ್ಕೆ ಇಳಿದು ವರ್ಷವಾಗಿರುತ್ತದೆ, ಇನ್ನೂ ಬಣ್ಣ ಕಂಡಿರುವುದಿಲ್ಲ. ಇಲ್ಲಿ ಬ್ರಿಟನ್ನಿನಲ್ಲಿ ನಾವು ನಡೆಸುವ ಶನಿವಾರದ ಕನ್ನಡ ಪಾಠ ಮುಗಿದ ಮೇಲೆ ಕೆಲವು ಹುಡುಗ ಹುಡುಗಿಯರು ಇವನ್ನು ಹರಡಿಕೊಂಡು ಕೂರುತ್ತಾರೆ. ನಾನೂ ಒಂದು ಬ್ರಷ್ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಅಲ್ಲಿ ಪದೇ ಪದೇ ಬರುವ ಪ್ರಶ್ನೆ: "ಆಂಟಿ, ಅಂಗಡೀಲಿ ಗೋಡೆ ತುಂಬ ಬಾಟಲಿ ಇದೆ. ಯಾವುದು ತಗೊಳ್ಳೋದು?"

ಅಕ್ರಿಲಿಕ್ ಬಣ್ಣದಲ್ಲಿ ಮುಖ್ಯವಾಗಿ ಇರುವುದು ಮೂರು: ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಕ್ರಿಲಿಕ್ ಅಂಟು, ನೀರು. ನೀರು ಆರಿದಾಗ ಅಂಟಿನ ಕಣಗಳು ಬೆಸೆದುಕೊಂಡು ಪೊರೆಯಾಗುತ್ತವೆ. ಆಮೇಲೆ ನೀರು ತಾಗಿದರೂ ಕರಗುವುದಿಲ್ಲ. ಹಾಗಾಗಿ ಒಂದರ ಮೇಲೊಂದು ತೆಳು ಪದರ ಕೂರಿಸಬಹುದು. ಬ್ರಷ್ಷಿನಲ್ಲೇ ಒಣಗಲು ಬಿಟ್ಟರೆ ಮಾತ್ರ ಆ ಬ್ರಷ್ ಹೋಯಿತು ಅಂತಲೇ ಲೆಕ್ಕ.

ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುವ ದೊಡ್ಡ ಬಾಟಲಿ ಅಗ್ಗ. ಹಣತೆಗೆ, ಮಣೆಗೆ, ದಸರಾ ಗೊಂಬೆ ಕೂರಿಸುವ ಮೆಟ್ಟಿಲಿಗೆ ಅದು ಧಾರಾಳವಾಗಿ ಸಾಕು. ಆದರೆ ಈ ಯೋಧರ ಮುಖ ಒಂದು ತೊಗರಿಬೇಳೆಯಷ್ಟು. ಆ ಬಣ್ಣವನ್ನು ಗಟ್ಟಿಯಾಗಿ ಹಚ್ಚಿದರೆ ಕಣ್ಣು, ಮೂಗು ಮುಚ್ಚಿಹೋಗುತ್ತವೆ. ನೀರು ಬೆರೆಸಿದರೆ ಅಡಿಯ ಪ್ಲಾಸ್ಟಿಕ್ ಇಣುಕುತ್ತದೆ. ಮಿನಿಯೇಚರ್‌ಗೆಂದೇ ಮಾಡಿದ ಬಣ್ಣದಲ್ಲಿ ಪುಡಿ ನುಣ್ಣಗಿರುತ್ತದೆ, ಹೆಚ್ಚಿರುತ್ತದೆ. ತೆಳುವಾಗಿಸಿದರೂ ಎರಡು ಪದರದಲ್ಲಿ ಮುಚ್ಚುತ್ತದೆ. ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್‌ನವರ ಸಿಟಡೆಲ್, ಸ್ಪೇನಿನ ವಯೇಹೊ, ಡೆನ್ಮಾರ್ಕಿನ ಆರ್ಮಿ ಪೇಂಟರ್ ಎಲ್ಲವೂ ಈ ಕೆಲಸಕ್ಕೆ ಆಗುತ್ತವೆ. ಬಣ್ಣ ಬೆರೆಸುವ ಆಸೆ ಇರುವವರು ಹನಿ ಹನಿಯಾಗಿ ಬೀಳುವ ಬಾಟಲಿಯನ್ನೇ ಆರಿಸಿ. ಎರಡು ಹನಿ ಇದು, ಒಂದು ಹನಿ ಅದು ಎಂದು ಬರೆದಿಟ್ಟುಕೊಂಡರೆ ಮುಂದಿನ ತಿಂಗಳೂ ಅದೇ ಬಣ್ಣ ಬರುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯ. ನಮ್ಮಲ್ಲಿ ಬರುವ ಒಬ್ಬ ಹುಡುಗಿ ತನ್ನ ಬಿಲ್ಲುಗಾರ್ತಿಗೆ ತನ್ನದೇ ಮೈಬಣ್ಣ ಕೊಡಬೇಕು ಅಂದಳು. ಅವಳ ಸೆಟ್ಟಿನಲ್ಲಿ 'ಫ್ಲೆಶ್' ಅಂತ ಬರೆದಿದ್ದ ಬಾಟಲಿ ಒಂದೇ, ಅದು ನಸುಗೆಂಪು ಬಿಳಿ. ಮೈಯ ಬಣ್ಣ ಅಂದರೆ ಇದು ಎಂದು ಬಾಟಲಿಯೇ ತೀರ್ಮಾನ ಮಾಡಿಬಿಟ್ಟರೆ ಉಳಿದವರು ಏನು ಮಾಡಬೇಕು? ಅಮೆರಿಕದ ಕ್ರಯೋಲಾ ಕಂಪನಿ 'ಫ್ಲೆಶ್' ಎಂಬ ತನ್ನ ಬಳಪದ ಹೆಸರನ್ನು 1962ರಲ್ಲೇ 'ಪೀಚ್' ಎಂದು ಬದಲಾಯಿಸಿತು. ಬಣ್ಣದ ಅಂಗಡಿಗಳಲ್ಲಿ ಆ ಹಳೆಯ ಹೆಸರು ಇನ್ನೂ ಅಲ್ಲಲ್ಲಿ ಉಳಿದಿದೆ.

ಊರಿಗೆ ಹೋದಾಗ ಕನ್ನಡ ಪತ್ರಿಕೆಯ 'ಕಾಣೆಯಾಗಿದ್ದಾರೆ' ಪ್ರಕಟಣೆಗಳನ್ನು ಓದಿ ನೋಡಿ. ಗೋಧಿ ಮೈಬಣ್ಣ, ಎಣ್ಣೆಗೆಂಪು, ಕಪ್ಪು ಅಂತ ಇರುತ್ತದೆ. ಓದಲು ದುಃಖದ ಸುದ್ದಿ, ಆದರೆ ಮಾತು ಎಷ್ಟು ಕರಾರುವಾಕ್ಕು! ಎಣ್ಣೆಗೆಂಪು ಅನ್ನುವ ಪದದಲ್ಲಿ ಬಣ್ಣದ ಜೊತೆ ಹೊಳಪೂ ಇದೆ. ಗೊಂಬೆಗೆ ಬೇಕಾದದ್ದೂ ಅದೇ.

ಎಣ್ಣೆಗೆಂಪಿಗೆ ನಾವು ಮಾಡಿದ ಲೆಕ್ಕ ಇದು: ಕೆಂಗಂದು ಎರಡು ಹನಿ, ಓಕರ್ ಹಳದಿ ಒಂದು ಹನಿ, ಬ್ರಷ್ಷಿನ ತುದಿಯಲ್ಲಿ ಒಂಚೂರು ಬಿಳಿ. ಗೋಧಿ ಬಣ್ಣಕ್ಕೆ ಓಕರ್ ಹೆಚ್ಚಿಸಿ. ಕಪ್ಪು ಮೈಗೆ ಕೆಂಗಂದಿಗೆ ಸ್ವಲ್ಪ ಕಡುನೀಲಿ ಸೇರಿಸಿ, ಬಿಳಿ ಬಿಡಿ. ಬಾಟಲಿಯಿಂದ ಬಾಟಲಿಗೆ ಬಣ್ಣ ಬೇರೆಯಾಗುವುದರಿಂದ ಒಂದು ಕಾಗದದ ಮೇಲೆ ಹಚ್ಚಿ, ಒಣಗಿದ ಮೇಲೆ ನಿಮ್ಮ ಕೈ ಪಕ್ಕ ಇಟ್ಟು ನೋಡಿ.

ನೆರಳಿಗೆ ಎಲ್ಲರೂ ಕಪ್ಪು ಬಾಟಲಿಗೇ ಕೈ ಹಾಕುತ್ತಾರೆ. ಓಕರ್ ಇರುವ ಬಣ್ಣಕ್ಕೆ ಕಪ್ಪು ಸೇರಿದರೆ ಅದು ಹಸಿರಿಗೆ ತಿರುಗುತ್ತದೆ, ಮುಖ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ಅದರ ಬದಲು ಅದೇ ಕಂದಿಗೆ ಒಂದಿಷ್ಟು ಕೆಂಪು ಮತ್ತು ನೀಲಿ ಬೆರೆಸಿ. ಬೆಳಕಿಗೂ ಹಾಗೆಯೇ, ಬಿಳಿ ಒಂದನ್ನೇ ಸುರಿದರೆ ಮೈ ವಿಭೂತಿ ಬಳಿದಂತಾಗುತ್ತದೆ. ಮೊದಲು ಓಕರ್, ಕೊನೆಯಲ್ಲಿ ಮೂಗಿನ ತುದಿಗೆ, ಕೆನ್ನೆಯ ಮೂಳೆಗೆ, ಹಣೆಗೆ ಬಿಳಿ ಬೆರೆಸಿದ ಒಂದೊಂದು ಸಣ್ಣ ಚುಕ್ಕೆ. ಚರ್ಮ ಕಪ್ಪಾದಷ್ಟೂ ಆ ಚುಕ್ಕೆ ಚಿಕ್ಕದಾಗಿ, ಹೊಳಪಾಗಿ ಇರಲಿ. ಅಂಗೈ ಕಂಡರೆ ಅದಕ್ಕೆ ಬೇರೆ, ತಿಳಿಯಾದ ಬಣ್ಣ. ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಓಕರ್ ಹಳದಿಯೂ ಕೆಂಗಂದೂ ಮೂಲದಲ್ಲಿ ಮಣ್ಣಿನ ಬಣ್ಣಗಳು, ಕಬ್ಬಿಣದ ಆಕ್ಸೈಡಿನಿಂದ ಬಂದವು. ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳ ಕೆಂಪೂ ಅಂಥದ್ದೇ ಕೆಮ್ಮಣ್ಣು. ಇವು ಬೆಳಕಿಗೆ ಮಾಸುವುದಿಲ್ಲ, ಅಡಿಯ ಬಣ್ಣವನ್ನು ಚೆನ್ನಾಗಿ ಮುಚ್ಚುತ್ತವೆ. ಗಾಢ ಹಳದಿ, ಕೆಂಪುಗಳಿಗೆ ಆ ಗುಣ ಸಾಮಾನ್ಯವಾಗಿ ಕಡಿಮೆ. ಅವಕ್ಕೆ ಅಡಿಯಲ್ಲಿ ತಿಳಿ ಬಣ್ಣದ ಪದರ ಬೇಕು.

ಹಾಗಾದರೆ ಕೊಳ್ಳುವುದು ಏನು? ಓಕರ್, ಕೆಂಗಂದು, ಕೆಂಪು, ಕಡುನೀಲಿ, ಬಿಳಿ, ಕಪ್ಪು. ಆರು ಬಾಟಲಿ. ಜೊತೆಗೆ ಒಂದು ಪ್ರೈಮರ್, ಹೊಳಪಿಲ್ಲದ ವಾರ್ನಿಶ್. ಪಾಕೆಟ್ ಮನಿಯಲ್ಲಿ ಐವತ್ತು ಬಣ್ಣದ ಪೆಟ್ಟಿಗೆ ತಂದವರು ಅದರಲ್ಲಿ ಹತ್ತನ್ನು ತೆರೆದದ್ದು ನಾನು ಕಂಡಿಲ್ಲ. 2019ರಲ್ಲಿ ಬಂದ ಸಿಟಡೆಲ್ ಕಾಂಟ್ರಾಸ್ಟ್‌ನಂಥ ಬಣ್ಣಗಳು ಒಂದೇ ಪದರದಲ್ಲಿ ಹರಿದು ತಗ್ಗುಗಳಲ್ಲಿ ನೆರಳು ಕೂರಿಸುತ್ತವೆ. ಕೂದಲಿಗೆ, ತುಪ್ಪಳಕ್ಕೆ ಬಹಳ ಚೆನ್ನ. ನುಣುಪಾದ ಜಾಗದಲ್ಲಿ ಕಲೆ ಕಲೆಯಾಗುತ್ತವೆ, ಆದ್ದರಿಂದ ಮುಖಕ್ಕೆ ನಾನು ಹೇಳುವುದಿಲ್ಲ.

ಹಚ್ಚುವ ಮೊದಲು ಗೊಂಬೆಯನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಕಂದು ಮೈಗೆ ಬೂದು ಪ್ರೈಮರ್ ಒಳ್ಳೆಯದು. ಸ್ಪ್ರೇ ಆದರೆ ಮನೆಯ ಹೊರಗೆ, ಮಳೆ ಇಲ್ಲದ ದಿನ. ಅಂಥ ದಿನ ಸಿಗುವುದು ನಮ್ಮ ಅದೃಷ್ಟ! ತುದಿ ಚೂಪಾಗಲಿ ಅಂತ ಬ್ರಷ್ಷನ್ನು ಬಾಯಿಗೆ ಇಡಬೇಡಿ. ಬಾಟಲಿಗಳನ್ನು ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಬಿಡಬೇಡಿ. ಹೆಪ್ಪುಗಟ್ಟಿದ ಅಕ್ರಿಲಿಕ್ ಒಡೆದ ಹಾಲಿನಂತಾಗುತ್ತದೆ, ಎಷ್ಟು ಅಲ್ಲಾಡಿಸಿದರೂ ಮತ್ತೆ ಕೂಡಿಕೊಳ್ಳುವುದಿಲ್ಲ.

ಆ ಬಿಲ್ಲುಗಾರ್ತಿಯ ಮುಖ ಮುಗಿದಿದೆ, ಸೀರೆಯ ಹಾಗೆ ಉಡಿಸಿದ ಮೇಲಂಗಿ ಬಾಕಿ ಇದೆ. ಅದಕ್ಕೆ ಇಳಕಲ್ಲಿನ ಕೆಂಪು ಸೆರಗು ಬೇಕಂತೆ. ಕೆಂಪಿನ ಅಡಿಗೆ ಯಾವ ಬಣ್ಣ ಹಾಕುವುದು ಎಂದು ಬರುವ ಶನಿವಾರ ನೋಡುತ್ತೇವೆ.