ಊರಿನ ಕಡತ ಊರಿನವರದು

(ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದಲ್ಲಿ ನಡೆದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 

ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳಿಂದ ಇಲ್ಲಿಗೆ ಬಂದಿರುವ ಕುಟುಂಬಗಳಿಗೆ ನಾವೊಂದು ಪ್ರಶ್ನೆ ಕೇಳಬಯಸುತ್ತೇವೆ. ಮನೆಯ ಖಾತೆಯೋ, ತಂದೆಯ ಮರಣ ಪತ್ರವೋ, ಅಜ್ಜನ ಜಮೀನಿನ ಹಳೆಯ ಪಹಣಿಯೋ ಬೇಕಾದಾಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? "ಕಚೇರಿಯಲ್ಲಿ ನಮಗೆ ಪರಿಚಯದವರು ಯಾರಿದ್ದಾರೆ?" ಎಂಬುದೇ ಅಲ್ಲವೇ? ಈ ಪ್ರಶ್ನೆಯಿಂದಲೇ ದಲ್ಲಾಳಿಯ ಬದುಕು ನಡೆಯುತ್ತಿದೆ. ನಾವು ಮೊದಲು ಕೇಳಬೇಕಾದುದು ಬೇರೆಯೇ ಇದೆ: "ಆ ವರ್ಷದಲ್ಲಿ ಈ ದಾಖಲೆ ಯಾವ ಕಚೇರಿಯ ವಶದಲ್ಲಿತ್ತು?" ಇದಕ್ಕೆ ಉತ್ತರ ಗೊತ್ತಿದ್ದವನಿಗೆ ಪರಿಚಯದ ಅಗತ್ಯ ಬೀಳುವುದು ಅಪರೂಪ.

ಈ ಸೀಮೆಯಲ್ಲಂತೂ ಇದು ಬಹು ಮುಖ್ಯವಾದ ಪ್ರಶ್ನೆ. ನಾವು ನಿಂತಿರುವ ನೆಲ ಕದಲಿಲ್ಲ. ಅದರ ಆಡಳಿತ ಮಾತ್ರ ಮತ್ತೆ ಮತ್ತೆ ಕದಲಿದೆ. ಹೊನ್ನಾಳಿ ಮತ್ತು ಚನ್ನಗಿರಿ ತಾಲೂಕುಗಳು ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಚನ್ನಗಿರಿ ತಾಲೂಕಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿತು. 2017ರ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ 49 ಹೊಸ ತಾಲೂಕುಗಳು ಘೋಷಿಸಲ್ಪಟ್ಟವು. ಅವುಗಳಲ್ಲೊಂದಾದ ನ್ಯಾಮತಿಯು 2018ರಲ್ಲಿ ಕಾರ್ಯಾರಂಭ ಮಾಡಿತು. ಹೀಗಾಗಿ ಸೂರಗೊಂಡನಕೊಪ್ಪದ ಒಂದೇ ಮನೆತನದ ಕಾಗದಪತ್ರಗಳಲ್ಲಿ ಅಜ್ಜನದು "ಹೊನ್ನಾಳಿ ತಾಲೂಕು, ಶಿವಮೊಗ್ಗ ಜಿಲ್ಲೆ", ಮಗನದು "ಹೊನ್ನಾಳಿ ತಾಲೂಕು, ದಾವಣಗೆರೆ ಜಿಲ್ಲೆ", ಮೊಮ್ಮಗನದು "ನ್ಯಾಮತಿ ತಾಲೂಕು" ಎಂದಿರುವುದು ಸಹಜ. ಇದನ್ನರಿಯದೆ ನ್ಯಾಮತಿಯ ಕಚೇರಿಯಲ್ಲಿ ಮಾತ್ರ ಹುಡುಕಿದರೆ 1980ರ ಕಡತ ಸಿಗದಿರಬಹುದು. "ಇಲ್ಲಿ ಇಲ್ಲ" ಎಂಬ ಮಾತನ್ನು "ಎಲ್ಲಿಯೂ ಇಲ್ಲ" ಎಂದು ತಿಳಿದು ಮನೆಗೆ ಮರಳುವವರು ಬಹಳ. ಹೊನ್ನಾಳಿಯ ತಾಲೂಕು ಕಚೇರಿಯಲ್ಲೂ, ಜಿಲ್ಲಾ ಮಟ್ಟದ ಕಡತವಾಗಿದ್ದರೆ ಶಿವಮೊಗ್ಗದಲ್ಲೂ ವಿಚಾರಿಸಬೇಕು. ಹಳೆಯ ಶಾಸನಗಳನ್ನು ಹುಡುಕುವವರಿಗೂ ಇದೇ ನಿಯಮ. ಬಿ. ಎಲ್. ರೈಸ್‌ರ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಹೊನ್ನಾಳಿ, ಚನ್ನಗಿರಿಗಳ ಶಾಸನಗಳಿರುವುದು ಶಿವಮೊಗ್ಗ ಜಿಲ್ಲೆಯ ಸಂಪುಟದಲ್ಲಿ.

ಪಂಚಾಯಿತಿಯ ಕಥೆಯೂ ಹೀಗೆಯೇ. 1959ರ ಕಾಯ್ದೆಯ ಗ್ರಾಮ ಪಂಚಾಯಿತಿ ಹೋಗಿ 1987ರಲ್ಲಿ ಮಂಡಲ ಪಂಚಾಯಿತಿ ಬಂತು. 1993ರ ಕಾಯ್ದೆಯಿಂದ ಇಂದಿನ ಗ್ರಾಮ ಪಂಚಾಯಿತಿ ಬಂತು. ಮನೆಯ ಹಳೆಯ ಡಿಮಾಂಡ್ ವಹಿ ಆಗ ಮಂಡಲದ ಕೇಂದ್ರವಾಗಿದ್ದ ಪಕ್ಕದೂರಿನಲ್ಲಿ ಉಳಿದಿರಲೂಬಹುದು.

ಜಮೀನಿನ ಮಟ್ಟಿಗೆ 'ಭೂಮಿ' ಯೋಜನೆಯು ದೊಡ್ಡ ಬದಲಾವಣೆ ತಂದಿತು. ಅದುವರೆಗೆ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು 2000ದ ಆಚೀಚೆಗೆ ಗಣಕಯಂತ್ರ ಸೇರಿದವು. ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಹೀಗೆ ದಾಖಲಾದವು. ಆದರೆ ಗಣಕಯಂತ್ರಕ್ಕೆ ಏರಿದ್ದು ಅಂದಿನ ಸ್ಥಿತಿ ಮಾತ್ರ. ಅಂದು ತಪ್ಪಾಗಿ ಬರೆದಿದ್ದ ಹೆಸರು ತಪ್ಪಾಗಿಯೇ ಏರಿತು. ಆ ತಪ್ಪನ್ನು ಸಾಬೀತುಪಡಿಸಬೇಕಾದರೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೆಯ ಪಹಣಿ ಮತ್ತು ಮ್ಯುಟೇಶನ್ ವಹಿಗಳ ದೃಢೀಕೃತ ನಕಲು ಬೇಕು. ಇನ್ನು ಕ್ರಯಪತ್ರದ ವಿಷಯ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ, ಸ್ಥಿರಾಸ್ತಿಯ ನೋಂದಾಯಿತ ಪತ್ರಗಳ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಮೂಲ ಪತ್ರವನ್ನು ಗೆದ್ದಲು ತಿಂದಿದೆಯೆಂದು ಆಸ್ತಿಯ ಆಸೆ ಬಿಟ್ಟ ವಿಧವೆಯರು ನಮ್ಮಲ್ಲಿದ್ದಾರೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅದರ ನಕಲು ಇರುತ್ತದೆಂದು ಅವರಿಗೆ ಹೇಳಿದವರಿಲ್ಲ.

ಸಹೋದರರೇ, ದಾಖಲೆಯಿಲ್ಲದಿರುವುದರ ಕಷ್ಟವನ್ನು ಈ ಊರಿಗೆ ವಿವರಿಸಬೇಕಾಗಿಲ್ಲ. ಇದು ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ನಾನಾ ರಾಜ್ಯಗಳಿಂದ ಬಂಜಾರರು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಎಷ್ಟೋ ಮಂದಿಯ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರೆಂದೇ ಇರಲಿಲ್ಲ. ತಲೆಮಾರುಗಳಿಂದ ವಾಸವಿದ್ದ ಮನೆಗೆ ಹಕ್ಕುಪತ್ರವಿಲ್ಲ, ಹಕ್ಕುಪತ್ರವಿಲ್ಲದ್ದರಿಂದ ಸಾಲವಿಲ್ಲ. ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ, ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾರಂಭಿಸಿದ ಮೇಲೆಯೇ ದಾರಿ ತೆರೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಕಣ್ಣೆದುರು ಇರುವ ಊರು ಕಾಗದದಲ್ಲಿಲ್ಲದಿದ್ದರೆ ಸರಕಾರದ ಪಾಲಿಗೆ ಅದು ಇಲ್ಲವೇ ಇಲ್ಲ.

ನಮ್ಮ ಸಮುದಾಯದ ಸಮಸ್ಯೆ ತುಸು ಬೇರೆ. ಊರು ದಾಖಲೆಯಲ್ಲಿದೆ, ಆದರೆ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಲ್ಲಿದೆ. ಶಾಲೆಯಲ್ಲಿ "ಮಹಮದ್", ಪಡಿತರ ಚೀಟಿಯಲ್ಲಿ "ಎಂ.ಡಿ.", ಆಧಾರ್‌ನಲ್ಲಿ "ಮೊಹಮ್ಮದ್". ತಾಯಿಯ ಹೆಸರಿನ ಮುಂದೆ ಒಂದೆಡೆ "ಬೀ", ಮತ್ತೊಂದೆಡೆ "ಬಾನು". ಜನನ ವಹಿಯಲ್ಲಿ ಹೆಸರಿನ ಸ್ಥಳ ಖಾಲಿ. "ಹೆಣ್ಣು ಮಗು" ಎಂದಷ್ಟೇ ಇದೆ. ಇದು ಸಣ್ಣ ಸಂಗತಿಯೆಂದು ಇನ್ನು ಭಾವಿಸುವಂತಿಲ್ಲ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ 2003ರ ಪಟ್ಟಿಯನ್ನು ಆಧಾರವಾಗಿಟ್ಟುಕೊಳ್ಳಲಾಯಿತು. ಆ ಪಟ್ಟಿಯಲ್ಲಿ ಹೆಸರಿಲ್ಲದ ಬಡವರು ಕಾಗದಕ್ಕಾಗಿ ಅಲೆದರು. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾನ ಮುಂತಾದವುಗಳಿಗೆಲ್ಲ ಜನನ ಪತ್ರವೇ ಆಧಾರವಾಗಿದೆ. ಹೆರಿಗೆಯಾದ 21 ದಿನಗಳೊಳಗೆ ನೋಂದಣಿಯಾಗಿದೆಯೇ ಎಂದು ನೋಡುವುದು ಮತ್ತು ಮಗುವಿನ ಹೆಸರನ್ನು ಸೇರಿಸುವುದು ಅಕೀಕಾದಷ್ಟೇ ಕಾಳಜಿಯಿಂದ ಆಗಬೇಕಾದ ಕೆಲಸವೆಂದು ನಾವು ಹೇಳುತ್ತೇವೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದುದು. ಬರೆದಿಡುವುದು ಅಪನಂಬಿಕೆಯ ಲಕ್ಷಣವೆಂದು ತಿಳಿಯುವವರು ಅದನ್ನು ಮತ್ತೊಮ್ಮೆ ಓದಲಿ.

ಕಚೇರಿಯು ಕೊಡದಿದ್ದರೆ? ಅದಕ್ಕಾಗಿಯೇ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಇದು ದಿಲ್ಲಿಯ ದೊರೆಗಳ ದಾನವಲ್ಲ. 1990ರ ದಶಕದಲ್ಲಿ ರಾಜಸ್ಥಾನದ ಕೂಲಿಕಾರರು ಅರುಣಾ ರಾಯ್ ಮುಂತಾದವರೊಡಗೂಡಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿ, ಪಂಚಾಯಿತಿಯ ಬಿಲ್ಲು ಮತ್ತು ಹಾಜರಿ ಪಟ್ಟಿಗಳನ್ನು ಜನರೆದುರು ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕುಳಿತರು. ತಮ್ಮ ಕೂಲಿಯ ಲೆಕ್ಕ ಕೇಳಿದವರು ದೇಶಕ್ಕೊಂದು ಕಾಯ್ದೆ ದೊರಕಿಸಿದರು.

ಅರ್ಜಿ ಬರೆಯುವ ಕ್ರಮ ಸರಳ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬದವರು ಪಡಿತರ ಚೀಟಿಯ ನಕಲು ಲಗತ್ತಿಸಿದರೆ ಆ ಶುಲ್ಕವೂ ಇಲ್ಲ. ಯಾಕೆ ಬೇಕೆಂದು ಕಾರಣ ಕೊಡಬೇಕಾಗಿಲ್ಲ. ಆದರೆ "ನಮ್ಮ ಬೀದಿಗೆ ಚರಂಡಿ ಯಾಕೆ ಮಾಡಿಲ್ಲ?" ಎಂದು ಬರೆದರೆ ಉತ್ತರ ಬಾರದು. ಕಾಯ್ದೆ ಕೊಡಿಸುವುದು ಕಡತದಲ್ಲಿರುವುದನ್ನು. ಜಗಳದ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಹೀಗೆ ಬರೆಯಿರಿ: "ಇಂಥ ವಾರ್ಡಿನಲ್ಲಿ 1-4-2023ರಿಂದ 31-3-2025ರವರೆಗೆ ನಡೆದ ಚರಂಡಿ ಕಾಮಗಾರಿಯ ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು ಕೊಡಿ." ಊರು, ಅವಧಿ, ಕಾಗದದ ಹೆಸರು, ಈ ಮೂರಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ. ಕಡತ ಬೇರೆ ಕಚೇರಿಯಲ್ಲಿದ್ದರೆ 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸುವುದು ಅಧಿಕಾರಿಯ ಕರ್ತವ್ಯ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಬಳಿಕ 90 ದಿನಗಳೊಳಗೆ ಮಾಹಿತಿ ಆಯೋಗ. ಗಡುವು ಮೀರಿದ ಮೇಲೆ ನಕಲನ್ನು ಉಚಿತವಾಗಿ ಕೊಡಬೇಕು. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ. ಮೇಲ್ಮನವಿಗೆ ಅದೇ ಆಧಾರ.

ಈ ಕಾಯ್ದೆಯ ಹಲ್ಲು ಕೀಳುವ ಯತ್ನವನ್ನೂ ಗಮನಿಸಬೇಕು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಇದರ 8(1)(ಜೆ) ಕಲಮನ್ನು ತಿದ್ದಲಾಯಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂತು. "ವೈಯಕ್ತಿಕ ಮಾಹಿತಿ" ಎಂಬ ಒಂದು ಮಾತಿನಿಂದ ಅರ್ಜಿ ತಿರಸ್ಕರಿಸುವುದು ಈಗ ಸುಲಭ. ಆದರೂ ಸಾರ್ವಜನಿಕ ಹಿತಾಸಕ್ತಿ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆನ್ನುವ 8(2)ನೇ ಕಲಮು ಹಾಗೆಯೇ ಉಳಿದಿದೆ. ಮೇಲ್ಮನವಿಯಲ್ಲಿ ಅದನ್ನು ಹೆಸರಿಸಬೇಕು.

ಇನ್ನೊಬ್ಬರ ಲೆಕ್ಕ ಕೇಳುವವರು ತಮ್ಮ ಲೆಕ್ಕವನ್ನೂ ತೆರೆದಿಡಬೇಕು. 2024ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರಲ್ಲಿ ತಮ್ಮ ಹೊಲ ವಕ್ಫ್ ಪಾಲಾಗುತ್ತದೆಂಬ ಭಯ ಹುಟ್ಟಿತು. 1974ರ ರಾಜ್ಯಪತ್ರದಲ್ಲಿ ಆ ಗ್ರಾಮದ ಹೆಸರು ತಪ್ಪಾಗಿ ಸೇರಿತ್ತು, 1977ರಲ್ಲಿ ಅದು ಸರಿಪಡಿಸಲ್ಪಟ್ಟಿತ್ತು ಎಂದು ಜಿಲ್ಲಾ ಉಸ್ತುವಾರಿ ಸಚಿವ ಎಂ. ಬಿ. ಪಾಟೀಲರು ತಿಳಿಸಿದರು. ಆ ತಿದ್ದುಪಡಿ ಎಲ್ಲರಿಗೂ ಮೊದಲೇ ತಿಳಿದಿದ್ದರೆ ಊರಿನ ಸಾಮರಸ್ಯಕ್ಕೆ ಪೆಟ್ಟು ಬೀಳುತ್ತಿರಲಿಲ್ಲ. ಆದುದರಿಂದ ಪ್ರತಿ ಮಸೀದಿ ಸಮಿತಿಯೂ ತನ್ನ ಖಬರಸ್ತಾನ ಮತ್ತು ವಕ್ಫ್ ಜಾಗದ ರಾಜ್ಯಪತ್ರದ ಪುಟ, ಪಹಣಿ, ಸರ್ವೆ ನಕ್ಷೆಗಳ ನಕಲು ತರಿಸಿಡಲಿ. ಅದರಲ್ಲಿ ನಮ್ಮದಲ್ಲದ ಗುಂಟೆ ಕಂಡುಬಂದರೆ ಅದನ್ನೂ ಹೇಳುವ ಧೈರ್ಯವಿರಲಿ. ಬಾಡಿಗೆಯ ಲೆಕ್ಕ ಜಮಾಅತಿನ ಸೂಚನಾ ಫಲಕದ ಮೇಲೆ ಬರಲಿ. ಇದಾಗದೆ ಪುರಸಭೆಯ ಲೆಕ್ಕ ಕೇಳುವ ನೈತಿಕ ಹಕ್ಕು ನಮಗೆಲ್ಲಿಯದು?

ಪಂಚಾಯಿತಿಯಲ್ಲಿ ಗ್ರಾಮಸಭೆ, ವಾರ್ಡ್ ಸಭೆಗಳಿವೆ. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಜಮಾಬಂದಿಯಿದೆ. ಅಲ್ಲಿ ನಮ್ಮವರ ಕುರ್ಚಿ, ವಿಶೇಷವಾಗಿ ನಮ್ಮ ಸಹೋದರಿಯರ ಕುರ್ಚಿ, ಖಾಲಿಯಿರುತ್ತದೆ. ಓದಿದ ಹೆಣ್ಣುಮಕ್ಕಳು ಮೊಹಲ್ಲಾಕ್ಕೆ ಇಬ್ಬರಂತೆ ಮುಂದೆ ಬಂದು, ವಾರದಲ್ಲಿ ಒಂದು ಸಂಜೆ ಅರ್ಜಿ ಬರೆದುಕೊಡಲಿ. ಮುಸ್ಲಿಮರಿಗೆ ಮಾತ್ರ ಬೇಡ, ತಾಂಡಾದ ಅಜ್ಜಿಗೂ, ದಲಿತ ಕೇರಿಯ ಕೂಲಿಯವನಿಗೂ ಬರೆಯಲಿ. ನೆರೆಯವನ ಹಕ್ಕಿನ ಕುರಿತು ನಾವು ಕಲಿತದ್ದು ಅಲ್ಲಿ ಕಾಣಿಸಬೇಕು.

ಇಂದು ಮನೆಗೆ ಹೋದೊಡನೆ ಪೆಟ್ಟಿಗೆ ತೆರೆದು ಎಲ್ಲ ಕಾಗದಗಳನ್ನು ಹರವಿರಿ. ಪ್ರತಿಯೊಂದರ ಮೇಲೂ ವರ್ಷ ಮತ್ತು ಕಚೇರಿಯ ಹೆಸರನ್ನು ನೋಡಿ ಒಂದು ಪಟ್ಟಿ ಮಾಡಿರಿ. ಯಾವುದು ಇಲ್ಲವೋ ಅದಕ್ಕೆ ಅರ್ಜಿ ಬರೆಯಿರಿ. ತಮ್ಮ ಹಕ್ಕನ್ನು ಬಲ್ಲವರಾಗಿ, ಇತರರ ಹಕ್ಕನ್ನು ಕಾಯುವವರಾಗಿ ಬಾಳಲು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ.